ಸರ್ವೈವಲ್ ಚಾಕು ಕೊಳ್ಳುವ ಮುನ್ನ: ಏನು ನೋಡಬೇಕು, ಏನನ್ನು ಬಿಡಬೇಕು

ಸರ್ವೈವಲ್ ಚಾಕು, ಅಂದರೆ ಕಾಡಿನಂಥ ಜಾಗದಲ್ಲಿ ಬದುಕಿಕೊಳ್ಳಲು ನೆರವಾಗುವ ಚಾಕು, ಅಂತ ಹುಡುಕಿದರೆ ಕಣ್ಣಿಗೆ ಬೀಳುವುದು ಹೆಚ್ಚುಕಮ್ಮಿ ಒಂದೇ ಥರದ ಚಿತ್ರ. ಮೊಳದುದ್ದದ ಅಲಗು, ಬೆನ್ನ ಮೇಲೆ ಗರಗಸದ ಹಲ್ಲು, ಟೊಳ್ಳು ಹಿಡಿ, ಹಿಡಿಯ ತುದಿಗೊಂದು ದಿಕ್ಸೂಚಿ. 1980ರ ದಶಕದ ಸಿನಿಮಾಗಳು ಹಬ್ಬಿಸಿದ ಆಸೆ ಇದು. ಕಾಡಿನಲ್ಲಿ ದಿನವೂ ಕೆಲಸ ಮಾಡುವವರ ಸೊಂಟದಲ್ಲಿ ಇಂಥದ್ದು ಕಾಣುವುದು ಅಪರೂಪ. ಅವರ ಚಾಕು ನೋಡಲು ಸಪ್ಪೆ. ಅಂಗೈ ಅಗಲಕ್ಕಿಂತ ತುಸು ಉದ್ದ, ಒಂದೇ ಬದಿ ಹರಿತ, ಹಲ್ಲುಗಿಲ್ಲು ಏನೂ ಇಲ್ಲ.

ಆ ಸಪ್ಪೆ ಚಾಕುವೇ ಯಾಕೆ ಗೆಲ್ಲುತ್ತದೆ ಅನ್ನುವುದು ಗೊತ್ತಾದರೆ ಅರ್ಧ ಆಯ್ಕೆ ಮುಗಿಯಿತು. ಉಳಿದದ್ದನ್ನು ಹೆಜ್ಜೆ ಹೆಜ್ಜೆಯಾಗಿ ನೋಡೋಣ.

ಹೆಜ್ಜೆ 1: ಕೆಲಸದ ಪಟ್ಟಿ ಬರೆಯಿರಿ

ಒಂದು ಹಾಳೆ ತೆಗೆದುಕೊಂಡು ಚಾಕುವಿನಿಂದ ನೀವು ನಿಜವಾಗಿ ಮಾಡುವ ಕೆಲಸಗಳನ್ನು ಬರೆಯಿರಿ. ಹೊರಗಡೆ ಹೋದಾಗ: ಹಗ್ಗ ಕತ್ತರಿಸುವುದು, ಬೆಂಕಿ ಹೊತ್ತಿಸಲು ಕಡ್ಡಿಯಿಂದ ತೆಳ್ಳಗಿನ ಸಿಗರು ಹೆರೆಯುವುದು, ಡೇರೆಯ ಗೂಟ ಚೂಪು ಮಾಡುವುದು, ಮಣಿಕಟ್ಟಿನ ದಪ್ಪದ ಕಟ್ಟಿಗೆ ಸೀಳುವುದು, ಮೀನು ಕೊಯ್ಯುವುದು. ಮನೆಯಲ್ಲಿ, ಪೇಟೆಯಲ್ಲಿ: ಪಾರ್ಸೆಲ್ ಬಿಚ್ಚುವುದು, ಪ್ಲಾಸ್ಟಿಕ್ ಪಟ್ಟಿ ಕತ್ತರಿಸುವುದು, ಹಣ್ಣು ಹೆಚ್ಚುವುದು.

ಈಗ ಪಟ್ಟಿಯನ್ನು ಮತ್ತೆ ಓದಿ. ಮುಕ್ಕಾಲು ಪಾಲು ಕೆಲಸ ತೆಳ್ಳಗೆ ಕೊಯ್ಯುವುದು, ಹೆರೆಯುವುದೇ ಅಲ್ವಾ? ಕಡಿಯುವ ಕೆಲಸ ಎಲ್ಲೋ ಒಂದೆರಡು. ಮರ ಕಡಿಯಲು ಕೊಡಲಿ ಇದೆ, ಮಡಚುವ ಗರಗಸ ಇದೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಗರಗಸ ಮಾಡುವ ಕೆಲಸವನ್ನು ದೊಡ್ಡ ಚಾಕುವಿನಿಂದ ಮಾಡಲು ಹೋದರೆ ದುಪ್ಪಟ್ಟು ಸುಸ್ತು, ಜೊತೆಗೆ ಅಪಾಯವೂ ಜಾಸ್ತಿ.

ಹೆಜ್ಜೆ 2: ಮಡಚುವುದೋ, ಮಡಚದ್ದೋ?

ಮಡಚುವ ಚಾಕುವಿನ ಬಲಹೀನ ಜಾಗ ಅದರ ಕೀಲು. ಲಾಕ್ ಎಷ್ಟೇ ಗಟ್ಟಿಯಿದ್ದರೂ ಅಲಗು ನಿಂತಿರುವುದು ಒಂದು ಸಣ್ಣ ಪಿನ್ ಮೇಲೆ. ಮರಳು, ಕೆಸರು ಹೊಕ್ಕರೆ ಲಾಕ್ ಪೂರ್ತಿ ಕೂರುವುದಿಲ್ಲ. ಆಗ ಅಲಗು ಬೆರಳಿನ ಮೇಲೆ ಮಡಚಿಕೊಳ್ಳಬಹುದು. ಆದ್ದರಿಂದ ಕಟ್ಟಿಗೆ ಸೀಳುವ, ತಿರುಚುವ ಕೆಲಸಕ್ಕೆ ಮಡಚದ ಚಾಕುವೇ ಸರಿ.

ಆದರೆ ದಿನದ ಬಳಕೆಯಲ್ಲಿ ಲೆಕ್ಕ ತಿರುಗಿಬೀಳುತ್ತದೆ. ಸೊಂಟಕ್ಕೆ ಚಾಕು ಕಟ್ಟಿಕೊಂಡು ಕಚೇರಿಗೆ ಹೋಗಲು ಆಗುವುದಿಲ್ಲ. ಜೇಬಿನಲ್ಲಿ ಕೂರುವ ಮಡಚುವ ಚಾಕು ಬೇಕಾದಾಗ ಕೈಗೆ ಸಿಗುತ್ತದೆ. ಫ್ರಾನ್ಸಿನ ಒಪಿನೆಲ್ ಚಾಕು 1890ರಿಂದ ಬಂದದ್ದು. ಅಲಗನ್ನು ಬಿಗಿಯುವ ತಿರುಗುವ ಬಳೆಯನ್ನು ಅದಕ್ಕೆ ಸೇರಿಸಿದ್ದು 1955ರಲ್ಲಿ. ಅಷ್ಟು ಸರಳ ಲಾಕ್ ಇವತ್ತಿಗೂ ಚೆನ್ನಾಗಿ ನಡೆಯುತ್ತಿದೆ. ಇನ್ನು 1897ರಲ್ಲಿ ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ ನೋಂದಾಯಿಸಿದ, ಬಾಟಲಿಯ ಬಿರಡೆ ತೆಗೆಯುವ ತಿರುಪು ಎಲ್ಲ ಇರುವ ಚಾಕುವಿನ ವಂಶ, ಅಂದರೆ ಸ್ವಿಸ್ ಆರ್ಮಿ ಚಾಕು, ನಿಮಗೆ ಗೊತ್ತೇ ಇದೆ.

ನನ್ನನ್ನು ಕೇಳಿದರೆ, ಎರಡು ಇಟ್ಟುಕೊಳ್ಳುವುದು ಒಳ್ಳೆಯದು: ಜೇಬಿಗೆ ಚಿಕ್ಕದೊಂದು, ಚೀಲಕ್ಕೆ ಮಡಚದ್ದೊಂದು. ಒಂದೇ ಸಾಕು ಅನ್ನುವವರು ಹತ್ತು ಸೆಂಟಿಮೀಟರ್ ಆಸುಪಾಸಿನ ಮಡಚದ ಚಾಕು ತೆಗೆದುಕೊಳ್ಳಲಿ. ಮುಂದಿನ ಮಾತೆಲ್ಲ ಮುಖ್ಯವಾಗಿ ಅದರದ್ದೇ.

ಹೆಜ್ಜೆ 3: ಉದ್ದ ಮತ್ತು ದಪ್ಪ

ಅಲಗಿನ ಉದ್ದ 9ರಿಂದ 12 ಸೆಂಟಿಮೀಟರ್ ಇದ್ದರೆ ಸಾಕು. ಇದಕ್ಕಿಂತ ಚಿಕ್ಕದಾದರೆ ಕಟ್ಟಿಗೆ ಸೀಳಲು ಆಗದು. ಉದ್ದವಾದರೆ ಮೊನೆ ಕೈಯಿಂದ ದೂರ ಹೋಗುತ್ತದೆ, ಸೂಕ್ಷ್ಮ ಕೆಲಸದಲ್ಲಿ ಹಿಡಿತ ತಪ್ಪುತ್ತದೆ.

ಜನ ಹೆಚ್ಚು ಮೋಸ ಹೋಗುವುದು ದಪ್ಪದಲ್ಲಿ. ಆರು ಮಿಲಿಮೀಟರ್ ದಪ್ಪದ ಅಲಗು ಕೈಗೆ ತೂಕ ಕೊಡುತ್ತದೆ, ಗಟ್ಟಿ ಅನ್ನಿಸುತ್ತದೆ. ಅದೇ ಚಾಕುವಿನಿಂದ ಕ್ಯಾರೆಟ್ ಹೆಚ್ಚಿ ನೋಡಿ. ಕೊಯ್ಯುವುದಿಲ್ಲ, ಬೆಣೆ ಹೊಡೆದ ಹಾಗೆ ಒಡೆಯುತ್ತದೆ. ಇಷ್ಟು ದಪ್ಪ ಬೇಕಾಗಿಯೂ ಇಲ್ಲ. ಒಂದು ಪಟ್ಟಿ ಬಗ್ಗದೆ ನಿಲ್ಲುವ ಗುಣ ದಪ್ಪದ ಘನದ ಲೆಕ್ಕದಲ್ಲಿ ಏರುತ್ತದೆ. ಅಂದರೆ 2.5 ಮಿಲಿಮೀಟರಿನಿಂದ 4ಕ್ಕೆ ಹೋದರೆ ಬಿಗಿತ ಸುಮಾರು ನಾಲ್ಕು ಪಟ್ಟು ಆಗುತ್ತದೆ. ನಾಲ್ಕರಲ್ಲೇ ಬೇಕಾದ್ದಕ್ಕಿಂತ ಜಾಸ್ತಿ ಗಟ್ಟಿತನ ಇದೆ. ಅದರ ಮೇಲಿನದ್ದು ಬರೀ ಭಾರ.

ಉದಾಹರಣೆ ಬೇಕಾದರೆ: ಸ್ವೀಡನ್ನಿನ ಮೋರಾ ಕಂಪ್ಯಾನಿಯನ್ ಚಾಕುವಿನ ಮಾಮೂಲಿ ಮಾದರಿಯ ಅಲಗು ಹತ್ತು ಸೆಂಟಿಮೀಟರ್ ಚಿಲ್ಲರೆ ಉದ್ದ, 2.5 ಮಿಲಿಮೀಟರ್ ದಪ್ಪ. ಅಗ್ಗದ ಚಾಕು, ಆದರೂ ಕಾಡು ಸುತ್ತುವವರ ಮೆಚ್ಚಿನದು. ಅದೇ ದೇಶದ ವಾಯುಪಡೆಯ ಪೈಲಟ್‌ಗಳಿಗೆಂದು 1995ರಲ್ಲಿ ಆಯ್ಕೆಯಾದ ಫಾಲ್‌ಕ್ನೀವೆನ್ ಎಫ್1 ಚಾಕುವಿನ ಅಲಗು 9.7 ಸೆಂಟಿಮೀಟರ್ ಉದ್ದ, 4.5 ಮಿಲಿಮೀಟರ್ ದಪ್ಪ. ವಿಮಾನ ಬಿದ್ದ ಮೇಲೆ ಬದುಕಿಕೊಳ್ಳಲು ಕೊಟ್ಟ ಚಾಕುವೇ ಹತ್ತು ಸೆಂಟಿಮೀಟರ್ ಮುಟ್ಟಿಲ್ಲ. ದಿನದ ಬಳಕೆಯೂ ಮುಖ್ಯವಾದರೆ 3 ಮಿಲಿಮೀಟರ್ ಹತ್ತಿರದ್ದನ್ನು ಆರಿಸಿ.

ಹೆಜ್ಜೆ 4: ಹಿಡಿಯೊಳಗೆ ಏನಿದೆ?

ಅಲಗಿನ ಉಕ್ಕು ಹಿಡಿಯೊಳಗೆ ಎಷ್ಟು ದೂರ ಹೋಗಿದೆ ಅನ್ನುವುದು ಹೊರಗಿನಿಂದ ಕಾಣದ, ಆದರೆ ಚಾಕು ಉಳಿಯುತ್ತದೋ ಮುರಿಯುತ್ತದೋ ಎಂದು ತೀರ್ಮಾನಿಸುವ ಸಂಗತಿ. ಇದಕ್ಕೆ ಟ್ಯಾಂಗ್ ಅನ್ನುತ್ತಾರೆ. ಹಿಡಿಯಷ್ಟೇ ಅಗಲಕ್ಕೆ, ತುದಿಯವರೆಗೂ ಹೋದರೆ ಫುಲ್ ಟ್ಯಾಂಗ್. ಹಿಡಿಯ ಸುತ್ತ ಉಕ್ಕಿನ ಗೆರೆ ಕಾಣುತ್ತದೆ, ಅದೇ ಗುರುತು. ಸಂದೇಹ ಇದ್ದರೆ ಇದನ್ನೇ ಕೊಳ್ಳಿ.

ಹಾಗಂತ ಒಳಗೆ ಅಡಗಿರುವ ಕಿರಿದಾದ ಟ್ಯಾಂಗ್ ಎಲ್ಲವೂ ಕೆಟ್ಟದ್ದಲ್ಲ. ಅಮೆರಿಕದ ಮರೀನ್ ಪಡೆ 1942ರಲ್ಲಿ ಆರಿಸಿಕೊಂಡ ಕಾ-ಬಾರ್ ಚಾಕುವಿನ ಟ್ಯಾಂಗ್ ಕಿರಿದೇ. ಅದರ ಮೇಲೆ ಚರ್ಮದ ಬಿಲ್ಲೆಗಳನ್ನು ಪೋಣಿಸಿ ಹಿಡಿ ಮಾಡಿದ್ದಾರೆ. ಅದು ಒಂದು ಮಹಾಯುದ್ಧವನ್ನೇ ದಾಟಿ ಬಂದಿದೆ. ನೋಡಬೇಕಾದ್ದು ಅಲಗು ಮತ್ತು ಟ್ಯಾಂಗ್ ಸೇರುವ ಮೂಲೆ. ಅಲ್ಲಿ ಚೌಕಾಕಾರದ ಚೂಪು ಮೂಲೆ ಇದ್ದರೆ ಪೆಟ್ಟಿನ ಒತ್ತಡವೆಲ್ಲ ಅಲ್ಲೇ ಸೇರಿ ಬಿರುಕು ಶುರುವಾಗುತ್ತದೆ. ದುಂಡಗೆ ತಿರುಗಿದ್ದರೆ ತಡೆಯುತ್ತದೆ. ತಯಾರಕರು ಟ್ಯಾಂಗ್ ಬಗ್ಗೆ ಒಂದು ಮಾತೂ ಹೇಳದೆ ಬರೀ ಚಂದದ ಫೋಟೋ ಹಾಕಿದ್ದರೆ ಆ ಚಾಕು ಬೇಡ.

ಟೊಳ್ಳು ಹಿಡಿಯ ಅಗ್ಗದ ಚಾಕುಗಳಲ್ಲಿ ಅಲಗು ಹಿಡಿಗೆ ಅಂಟಿಕೊಂಡಿರುವುದು ಗಿಡ್ಡ ತಿರುಪಿನ ಮೇಲೆ. ನಾಲ್ಕು ಬೆಂಕಿಕಡ್ಡಿ ಇಡಲು ಜಾಗ ಸಿಗಲಿ ಅಂತ ಇಡೀ ಚಾಕುವಿನ ಬೆನ್ನೆಲುಬನ್ನೇ ಕಿತ್ತಂತಾಯಿತು. ಬೆಂಕಿಕಡ್ಡಿಯನ್ನು ಜೇಬಿನಲ್ಲಿಡಿ.

ಹೆಜ್ಜೆ 5: ಅಲಗಿನ ಆಕಾರ, ಮಸೆದ ರೀತಿ

ಆಕಾರದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಬೆನ್ನು ನಿಧಾನವಾಗಿ ಇಳಿದು ಮೊನೆ ಸೇರುವ ಡ್ರಾಪ್ ಪಾಯಿಂಟ್ ಎಲ್ಲಕ್ಕೂ ಒಗ್ಗುತ್ತದೆ. ಬೆನ್ನನ್ನು ಕತ್ತರಿಸಿದಂತಿರುವ ಕ್ಲಿಪ್ ಪಾಯಿಂಟ್‌ನ ಮೊನೆ ಚೂಪು, ಆದರೆ ತೆಳು, ಬೇಗ ಮುರಿಯುತ್ತದೆ. ಎರಡೂ ಬದಿ ಹರಿತ ಇರುವ ಕಠಾರಿ ಬೇಡವೇ ಬೇಡ. ಬೆನ್ನಿನ ಮೇಲೆ ಹೆಬ್ಬೆರಳು ಇಡಲಾಗದ ಚಾಕು ಕೆಲಸಕ್ಕಲ್ಲ.

ಅಂಚಿನ ಹಲ್ಲುಗಳು ಹಗ್ಗಕ್ಕೆ, ಬೆಲ್ಟಿಗೆ ಒಳ್ಳೆಯವು. ಆದರೆ ಅವು ಇರುವುದು ಹಿಡಿಯ ಪಕ್ಕದಲ್ಲಿ. ಮರ ಹೆರೆಯಲು ಹೆಚ್ಚು ಬಲ ಸಿಗುವ ಜಾಗವೂ ಅದೇ. ಹಲ್ಲುಗಳನ್ನು ಮಸೆಯಲು ಬೇರೆ ಸಾಧನ ಬೇಕು. ನೇರ ಅಂಚೇ ಇರಲಿ. ಬೆನ್ನಿನ ಗರಗಸವಂತೂ ಮರವನ್ನು ಪರಚುತ್ತದೆ ಅಷ್ಟೆ. ಕಟ್ಟಿಗೆ ಸೀಳುವಾಗ ಬಡಿಯುವ ಕೋಲನ್ನೂ ತಿಂದು ಹಾಕುತ್ತದೆ.

ಬೆನ್ನು ಮಟ್ಟಸವಾಗಿ, ಅದರ ಎರಡೂ ಅಂಚು ಲಂಬ ಕೋನದಲ್ಲಿ ಚೂಪಾಗಿರಬೇಕು. ಫೆರೋ ಕಡ್ಡಿಯನ್ನು (ಕೆರೆದರೆ ಕಿಡಿ ಹಾರುವ ಲೋಹದ ಕಡ್ಡಿ) ಗೀರಿ ಬೆಂಕಿ ಹೊತ್ತಿಸುವುದು, ತೊಗಟೆಯನ್ನು ಹಿಟ್ಟಿನಂತೆ ಕೆರೆಯುವುದು ಈ ಬೆನ್ನಿನಿಂದ. ಕೊಯ್ಯುವ ಅಂಚಿನಿಂದ ಗೀರಿದರೆ ಹರಿತ ಹಾಳು. ಅಲಗಿಗೆ ಕಪ್ಪು ಬಣ್ಣದ ಲೇಪ ಇದ್ದರೆ ಬೆನ್ನಿನ ಒಂದಿಷ್ಟು ಭಾಗವನ್ನು ಅರದಿಂದ ಉಜ್ಜಿ ಲೋಹ ಕಾಣುವಂತೆ ಮಾಡಿಕೊಳ್ಳಬೇಕಾದೀತು.

ಇನ್ನು ಮಸೆದ ರೀತಿ. ಉಕ್ಕಿನ ಹೆಸರಿಗಿಂತ ಇದು ಮುಖ್ಯ ಅಂತ ನನ್ನ ಗಟ್ಟಿ ನಂಬಿಕೆ. ಅಂಚಿನ ಹಿಂದೆ ಎಷ್ಟು ಲೋಹ ಇದೆ ಅನ್ನುವುದರ ಮೇಲೇ ಚಾಕು ಕೊಯ್ಯುತ್ತದೋ ಇಲ್ಲವೋ ಅನ್ನುವುದು ನಿಂತಿದೆ. ನಾಲ್ಕು ಬಗೆ ತಿಳಿದರೆ ಸಾಕು.

ಸ್ಕ್ಯಾಂಡಿ: ಅಲಗಿನ ನಡುವಿನಿಂದ ಒಂದೇ ಅಗಲ ಇಳಿಜಾರು, ಅದೇ ನೇರ ಅಂಚಾಗುತ್ತದೆ. ಫಿನ್ಲೆಂಡಿನ ಪೂಕ್ಕೊ, ಸ್ವೀಡನ್ನಿನ ಮೋರಾ ಚಾಕುಗಳದ್ದು ಇದೇ ಜಾತಿ. ಮರಕ್ಕೆ ಇದನ್ನು ಮೀರಿಸಿದ್ದಿಲ್ಲ. ಇಳಿಜಾರನ್ನು ಸಾಣೆಕಲ್ಲಿನ ಮೇಲೆ ಮಟ್ಟಸವಾಗಿ ಒರಗಿಸಿದರೆ ಕೋನ ತಾನೇ ಸಿಗುತ್ತದೆ, ಹಾಗಾಗಿ ಹೊಸಬರಿಗೂ ಮಸೆಯುವುದು ಸುಲಭ. ತರಕಾರಿಗೆ ಮಾತ್ರ ಅಷ್ಟಕ್ಕಷ್ಟೇ.

ಫ್ಲಾಟ್: ಬೆನ್ನಿನಿಂದಲೇ ತೆಳುವಾಗುತ್ತಾ ಬಂದು, ಕೊನೆಗೆ ಅಂಚಿನಲ್ಲಿ ಇನ್ನೊಂದು ಪುಟ್ಟ ಇಳಿಜಾರು. ಹಣ್ಣು, ಹಗ್ಗ, ರಟ್ಟು, ಮರ ಎಲ್ಲವನ್ನೂ ಚೆನ್ನಾಗಿ ಕೊಯ್ಯುತ್ತದೆ. ಕಾಡು ಮತ್ತು ಮನೆ ಎರಡಕ್ಕೂ ಒಂದೇ ಚಾಕು ಅಂದರೆ ನನ್ನ ಮತ ಇದಕ್ಕೇ.

ಕಾನ್ವೆಕ್ಸ್: ಹೊರಕ್ಕೆ ಉಬ್ಬಿದ ಇಳಿಜಾರು. ಪೆಟ್ಟು ತಡೆಯುವುದರಲ್ಲಿ ಗಟ್ಟಿಗ. ಸಪಾಟಾದ ಕಲ್ಲಿನ ಮೇಲೆ ಮಸೆಯುವುದು ಕಷ್ಟ, ಮೆತ್ತನೆಯ ಹಾಸಿನ ಮೇಲೆ ಉಜ್ಜುಕಾಗದ ಇಟ್ಟು ಎಳೆಯಬೇಕು. ಹಾಲೋ ಎಂಬುದು ಇದಕ್ಕೆ ವಿರುದ್ಧ, ಒಳಕ್ಕೆ ತಗ್ಗಿರುತ್ತದೆ. ಭಾರಿ ಹರಿತ, ಗಂಟುಮರಕ್ಕೆ ಹೊಡೆದರೆ ಚಕ್ಕೆ ಏಳುತ್ತದೆ.

ಅಂಚಿನ ಕೋನ ಪ್ರತಿ ಬದಿಗೆ 20 ಡಿಗ್ರಿ ಆಸುಪಾಸು ಇದ್ದರೆ ಹೊರಗಿನ ಕೆಲಸಕ್ಕೆ ಹೊಂದುತ್ತದೆ. ಅಡುಗೆಮನೆಯ ತೆಳು ಚಾಕುಗಳಲ್ಲಿ 15ರ ಹತ್ತಿರ ಇರುವುದುಂಟು, ಅದು ಮರಕ್ಕೆ ನಾಜೂಕಾಯಿತು.

ಹೆಜ್ಜೆ 6: ಉಕ್ಕು

ಇಲ್ಲಿ ಗೊಂದಲ ಜಾಸ್ತಿ, ಯಾಕೆಂದರೆ ಮಾರುವವರಿಗೆ ಉಕ್ಕಿನ ಹೆಸರು ಹೇಳುವುದು ಸುಲಭ. ಮೂಲ ಪ್ರಶ್ನೆ ಒಂದೇ: ತುಕ್ಕು ಹಿಡಿಯುವ ಕಾರ್ಬನ್ ಉಕ್ಕೋ, ತುಕ್ಕು ತಡೆಯುವ ಸ್ಟೇನ್‌ಲೆಸ್ಸೋ?

ಕಾರ್ಬನ್ ಉಕ್ಕಿನಲ್ಲಿ ಹೆಸರಾದದ್ದು 1095. ಇದರಲ್ಲಿ ಕಾರ್ಬನ್ ಸುಮಾರು 0.95 ಪ್ರತಿಶತ. ಬೇಗ ಮಸೆಯಬಹುದು, ಚೆನ್ನಾಗಿ ಹರಿತ ಏರುತ್ತದೆ. ಬೆಣಚುಕಲ್ಲಿಗೆ ಬೆನ್ನನ್ನು ಹೊಡೆದು ಕಿಡಿ ತೆಗೆಯುವ ಹಳೆಯ ವಿಧಾನಕ್ಕೂ ಇದೇ ಬೇಕು. ಆದರೆ ಒದ್ದೆ ಇಟ್ಟರೆ ರಾತ್ರಿ ಕಳೆಯುವಷ್ಟರಲ್ಲಿ ಕೆಂಪಗಾಗುತ್ತದೆ. ನಿಂಬೆಹಣ್ಣು ಕೊಯ್ದರೆ ಕಪ್ಪು ಕಲೆ ಬೀಳುತ್ತದೆ. ಆ ಕಪ್ಪು ಕಲೆಗೆ ಹೆದರಬೇಡಿ, ಅದು ತುಕ್ಕಲ್ಲ. ಒಂದಷ್ಟು ಮಟ್ಟಿಗೆ ಕೆಂಪು ತುಕ್ಕನ್ನು ತಡೆಯುವುದೂ ಅದೇ.

ಕ್ರೋಮಿಯಂ ಸುಮಾರು 10.5 ಪ್ರತಿಶತ ದಾಟಿದರೆ ಸ್ಟೇನ್‌ಲೆಸ್ ಅನ್ನುತ್ತಾರೆ. 12ಸಿ27, 14ಸಿ28ಎನ್, ಎಯುಎಸ್-8, 420ಎಚ್‌ಸಿ ಇವೆಲ್ಲ ನಂಬಬಹುದಾದ, ಸುಲಭವಾಗಿ ಮಸೆಯಬಹುದಾದ ಸ್ಟೇನ್‌ಲೆಸ್ ಉಕ್ಕುಗಳು. ಸಮುದ್ರದ ಬದಿ, ಮಳೆ, ಬೆವರು, ಆಹಾರ ಇವುಗಳ ಜೊತೆ ಚಾಕು ಓಡಾಡುವುದಾದರೆ ಇವೇ ವಾಸಿ. ಡಿ2 ಎಂಬುದು ನಡುವಿನದ್ದು. ಅದರಲ್ಲಿ 12 ಪ್ರತಿಶತದಷ್ಟು ಕ್ರೋಮಿಯಂ ಇದ್ದರೂ ಬಹುಪಾಲು ಕಾರ್ಬನ್ ಜೊತೆ ಸೇರಿ ಗಟ್ಟಿ ಕಣಗಳಾಗಿ ಕೂತಿರುತ್ತದೆ. ಹಾಗಾಗಿ ನೋಡಿಕೊಳ್ಳದಿದ್ದರೆ ತುಕ್ಕು ಬರುತ್ತದೆ.

ಸಿಪಿಎಂ 3ವಿ, ಎಸ್30ವಿ, 2021ರಲ್ಲಿ ಬಂದ ಮ್ಯಾಗ್ನಕಟ್ ಥರದ ದುಬಾರಿ ಪುಡಿ ಉಕ್ಕುಗಳು (ಲೋಹದ ಪುಡಿಯನ್ನು ಒತ್ತಿ ಮಾಡಿದವು) ನಿಜಕ್ಕೂ ಒಳ್ಳೆಯವು. ಅವುಗಳ ಹರಿತ ಬಹಳ ದಿನ ನಿಲ್ಲುತ್ತದೆ. ಆದರೆ ಎಸ್30ವಿ ಥರದ್ದು ಮೊಂಡಾದಾಗ ಬರೀ ಕಲ್ಲಿನಲ್ಲಿ ಸರಿಮಾಡುವುದು ತಾಳ್ಮೆ ಪರೀಕ್ಷೆ, ವಜ್ರದ ಪಟ್ಟಿ ಬೇಕು. ಮಸೆಯಲು ಕಲಿಯದವರಿಗೆ ಈ ಖರ್ಚು ಸುಮ್ನೆ ದಂಡ.

ಗಡಸುತನವನ್ನು ರಾಕ್‌ವೆಲ್ ಸಿ ಅಳತೆಯಲ್ಲಿ ಹೇಳುತ್ತಾರೆ. 56ರಿಂದ 60ರ ನಡುವೆ ಇರಲಿ. ಅದಕ್ಕಿಂತ ಕಡಿಮೆಯಾದರೆ ಅಂಚು ಬೇಗ ಮಡಚುತ್ತದೆ. ತುಂಬಾ ಮೇಲೆ ಹೋದರೆ, ಹೊಡೆತದ ಕೆಲಸದಲ್ಲಿ ಚಕ್ಕೆ ಏಳುವ ಭಯ. ಒಂದೇ ಉಕ್ಕನ್ನು ಇಬ್ಬರು ಬೇರೆ ಬೇರೆ ಹದಕ್ಕೆ ಕಾಯಿಸಿದರೆ ಎರಡು ಬೇರೆಯೇ ಚಾಕುಗಳಾಗುತ್ತವೆ. ಆದ್ದರಿಂದ ಉಕ್ಕಿನ ಹೆಸರಿಗಿಂತ ಹದ ಹಾಕಿದವರ ಹೆಸರು ನೋಡಿ. 'ಸರ್ಜಿಕಲ್ ಸ್ಟೀಲ್' ಅಂತಲೋ, ಮುಂದೆ ಎ, ಬಿ, ಸಿ ಏನೂ ಇಲ್ಲದ ಬರೀ '440' ಅಂತಲೋ ಬರೆದಿದ್ದರೆ ಏನನ್ನೂ ಹೇಳಿಲ್ಲ ಅಂತಲೇ ಅರ್ಥ. 440ಎ ಮತ್ತು 440ಸಿ ನಡುವೆ ಕಾರ್ಬನ್ ಲೆಕ್ಕದಲ್ಲೇ ಬಹಳ ಅಂತರ ಇದೆ.

ಹೆಜ್ಜೆ 7: ಹಿಡಿ

ಕೈಯಲ್ಲಿ ಹಿಡಿದು ನೋಡದೆ ಹಿಡಿಯ ಬಗ್ಗೆ ತೀರ್ಮಾನ ಮಾಡಲು ಆಗದು. ನಾಲ್ಕೂ ಬೆರಳು ಪೂರ್ತಿ ಕೂರಬೇಕು. ಅಡ್ಡಕ್ಕೆ ಕತ್ತರಿಸಿದರೆ ಮೊಟ್ಟೆಯಾಕಾರ ಕಾಣುವಂತಿರಬೇಕು. ಆಗ ಕಣ್ಣು ಮುಚ್ಚಿದ್ದರೂ ಅಂಚು ಯಾವ ಕಡೆ ಇದೆ ಅಂತ ಕೈಗೆ ಗೊತ್ತಾಗುತ್ತದೆ. ಆಳವಾದ ಬೆರಳು ಗುರುತುಗಳು ನೋಡಲು ಚಂದ, ಆದರೆ ಹಿಡಿತ ಬದಲಿಸಿದ ಕೂಡಲೇ ಚುಚ್ಚುತ್ತವೆ. ಸಪಾಟಾದ ತೆಳು ಹಿಡಿಗೆ ಹಗ್ಗ ಸುತ್ತಿ ಮಾರುವವರಿದ್ದಾರೆ. ಒದ್ದೆಯಾದರೆ ಒಣಗುವುದಿಲ್ಲ, ಬೊಬ್ಬೆಯಂತೂ ಖಚಿತ.

ಬಟ್ಟೆ ಪದರಗಳನ್ನು ರಾಳದಲ್ಲಿ ಗಟ್ಟಿ ಮಾಡಿದ ಮೈಕಾರ್ಟಾ, ಗಾಜಿನ ನಾರಿನ ಜಿ10, ರಬ್ಬರಿನಂಥ ಪ್ಲಾಸ್ಟಿಕ್ ಇವು ಮೂರೂ ನೀರಿಗೆ ಹೆದರುವುದಿಲ್ಲ. ಮರದ ಹಿಡಿ ಕೈಗೆ ಹಿತ, ಆಗಾಗ ಎಣ್ಣೆ ಸವರಬೇಕು. ಬೆರಳು ಅಂಚಿನ ಮೇಲೆ ಜಾರದಂತೆ ಮುಂದೆ ಒಂದು ಸಣ್ಣ ತಡೆ ಇರಲಿ. ಬಣ್ಣ ಕಿತ್ತಳೆಯೋ ಕೆಂಪೋ ಆಗಿದ್ದರೆ ಇನ್ನೂ ಒಳ್ಳೆಯದು. ಹಸಿರು, ಕಂದು ಬಣ್ಣದ ಹಿಡಿ ತರಗೆಲೆಯ ಮೇಲೆ ಬಿದ್ದರೆ ಹುಡುಕುವ ಕಷ್ಟ ಬೀಳಿಸಿದವರಿಗೇ ಗೊತ್ತು.

ಹೆಜ್ಜೆ 8: ಒರೆ

ಒರೆಗೆ ಹಾಕಿ, ತಲೆಕೆಳಗೆ ಹಿಡಿದು, ಕೈಯನ್ನು ಕೆಳಗೆ ಇಡದೆ ಕುಲುಕಿ ನೋಡಿ. ಚಾಕು ಬೀಳಬಾರದು. ಕೆಳತುದಿಯಲ್ಲಿ ನೀರು ಇಳಿಯಲು ತೂತು ಇರಬೇಕು. ಕೈಡೆಕ್ಸ್ ಥರದ ಪ್ಲಾಸ್ಟಿಕ್ ಒರೆ ನೀರು ಹೀರುವುದಿಲ್ಲ, ಸದ್ದು ಮಾಡುತ್ತದೆ. ಚರ್ಮದ್ದು ಸದ್ದಿಲ್ಲ, ಆದರೆ ತೇವ ಹಿಡಿದಿಟ್ಟುಕೊಳ್ಳುತ್ತದೆ. ಕಾರ್ಬನ್ ಉಕ್ಕನ್ನು ಚರ್ಮದ ಒರೆಯಲ್ಲಿ ತಿಂಗಳುಗಟ್ಟಲೆ ಇಡಬೇಡಿ.

ಹೆಜ್ಜೆ 9: ಮನೆಗೆ ತಂದ ಮೇಲೆ ಪರೀಕ್ಷೆ

ಮೊದಲು ಬೆಳಕಿಗೆ ಅಂಚನ್ನು ಹಿಡಿದು ನೋಡಿ. ಹರಿತ ಅಂಚು ಬೆಳಕನ್ನು ತೋರಿಸುವುದಿಲ್ಲ. ಎಲ್ಲಾದರೂ ಬಿಳಿ ಚುಕ್ಕೆ ಮಿನುಗಿದರೆ ಅಲ್ಲಿ ಮೊಂಡು. ಕಾಗದವನ್ನು ಹಿಡಿಯ ಬುಡದಿಂದ ಮೊನೆಯವರೆಗೆ ಎಳೆದು ಕೊಯ್ಯಿರಿ, ಎಲ್ಲೂ ಸಿಕ್ಕಿಕೊಳ್ಳಬಾರದು.

ಆಮೇಲೆ ಒಣ ಕಡ್ಡಿ ತೆಗೆದುಕೊಂಡು ಅರ್ಧ ಗಂಟೆ ಹೆರೆಯಿರಿ. ಅಂಗಡಿಯಲ್ಲಿ ಎರಡು ನಿಮಿಷ ಹಿಡಿದಾಗ ಹಿತ ಅನ್ನಿಸಿದ ಹಿಡಿಯ ನಿಜ ಬಣ್ಣ ಇಲ್ಲಿ ಬಯಲಾಗುತ್ತದೆ. ಅಂಗೈ ಕೆಂಪಾದ ಜಾಗವನ್ನು ಗುರುತಿಸಿ. ಸಣ್ಣ ಏಣು ಚುಚ್ಚುತ್ತಿದ್ದರೆ ಉಜ್ಜುಕಾಗದದಿಂದ ಸರಿಮಾಡಬಹುದು, ಹಿಡಿಯೇ ಚಿಕ್ಕದಾಗಿದ್ದರೆ ವಾಪಸ್ ಕೊಡುವುದೇ ದಾರಿ. ವಾಪಸ್ ಕೊಡುವ ಯೋಚನೆ ಇದ್ದರೆ ಮುಂದಿನ ಪರೀಕ್ಷೆಗೆ ಹೋಗಬೇಡಿ.

ಕೊನೆಗೆ ಸೀಳುವುದು. ಗಂಟಿಲ್ಲದ, ಎಳೆ ನೇರ ಇರುವ ಒಣ ಕಟ್ಟಿಗೆ ಆರಿಸಿ. ಅಲಗಿನ ಉದ್ದಕ್ಕಿಂತ ಕಟ್ಟಿಗೆಯ ದಪ್ಪ ಕಡಿಮೆ ಇರಬೇಕು, ಮೊನೆಯ ಕಡೆ ಎರಡು ಮೂರು ಸೆಂಟಿಮೀಟರ್ ಹೊರಗೆ ಉಳಿಯಬೇಕು. ಕಟ್ಟಿಗೆಯನ್ನು ದಿಮ್ಮಿಯ ಮೇಲೆ ನಿಲ್ಲಿಸಿ, ಅಂಚನ್ನು ಅದರ ತಲೆಯ ಮೇಲಿಟ್ಟು, ಬೆನ್ನಿಗೆ ಮರದ ಕೋಲಿನಿಂದ ಬಡಿಯಿರಿ. ಅಲಗು ಒಳಗೆ ಹೋದ ಮೇಲೆ ಹೊರಗೆ ಉಳಿದ ಮೊನೆಗೆ ಬಡಿಯುತ್ತಾ ಹೋಗಿ. ಕಲ್ಲು, ಸುತ್ತಿಗೆ ಬೇಡ. ಮುಗಿದ ಮೇಲೆ ಹಿಡಿ ಅಲುಗುತ್ತಿದೆಯಾ, ಅಲಗು ಬಾಗಿದೆಯಾ ನೋಡಿ.

ಇಷ್ಟರಲ್ಲಿ ಒಂದು ಎಚ್ಚರಿಕೆ. ಕೂತು ಹೆರೆಯುವಾಗ ಚಾಕು ಎರಡು ತೊಡೆಗಳ ನಡುವೆ ಬರಬಾರದು. ತೊಡೆಯ ಒಳಬದಿಯಲ್ಲಿ ದೊಡ್ಡ ರಕ್ತನಾಳ ಹಾದುಹೋಗುತ್ತದೆ, ಅದಕ್ಕೆ ಪೆಟ್ಟಾದರೆ ನಿಮಿಷಗಳಲ್ಲಿ ಪ್ರಾಣಕ್ಕೆ ಬರುತ್ತದೆ. ಮೊಣಕೈಗಳನ್ನು ಮಂಡಿಯಿಂದ ಮುಂದಕ್ಕೆ ಚಾಚಿ, ಇಲ್ಲವೇ ದೇಹದ ಪಕ್ಕಕ್ಕೆ ತಿರುಗಿ ಹೆರೆಯಿರಿ. ಕೈ ಚಾಚಿದರೆ ಮುಟ್ಟುವಷ್ಟು ದೂರದಲ್ಲಿ ಯಾರೂ ಇರಬಾರದು.

ಹೆಜ್ಜೆ 10: ಮಸೆಯಲು ಕಲಿಯಿರಿ

ಚಾಕುವಿನ ಜೊತೆಗೇ ಸಾಣೆಕಲ್ಲು ಕೊಳ್ಳಿ. ಒಂದು ಬದಿ 400 ಗ್ರಿಟ್, ಇನ್ನೊಂದು ಬದಿ 1000 ಇರುವುದು ಸಾಕು (ಗ್ರಿಟ್ ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನಯ). ಅಂಚಿನ ಇಳಿಜಾರಿಗೆ ಮಾರ್ಕರ್ ಪೆನ್ನಿನಿಂದ ಬಣ್ಣ ಹಚ್ಚಿ, ಕಲ್ಲಿನ ಮೇಲೆ ಒಂದೆರಡು ಸಲ ಎಳೆಯಿರಿ. ಬಣ್ಣ ಅಂಚಿನವರೆಗೂ ಸಮನಾಗಿ ಅಳಿಸಿದರೆ ಕೋನ ಸರಿ. ಮೇಲಷ್ಟೇ ಅಳಿಸಿದರೆ ಬೆನ್ನನ್ನು ತುಸು ಎತ್ತಿ, ಅಂಚಿನ ತುದಿಯಷ್ಟೇ ಅಳಿಸಿದರೆ ಇಳಿಸಿ.

ಒಂದು ಬದಿಯನ್ನು ಮಸೆಯುತ್ತಾ ಹೋದಂತೆ ಆಚೆ ಬದಿಯಲ್ಲಿ ಕೂದಲೆಳೆಯಂಥ ಲೋಹದ ಏಣು ಏಳುತ್ತದೆ. ಬೆರಳನ್ನು ಬೆನ್ನಿನಿಂದ ಅಂಚಿನ ಕಡೆಗೆ ಸವರಿದರೆ ತರಿತರಿ ತಿಳಿಯುತ್ತದೆ. ಅದು ಉದ್ದಕ್ಕೂ ಎದ್ದ ಮೇಲೆಯೇ ಬದಿ ಬದಲಿಸಬೇಕು. ಬಹಳ ಜನ ಅವಸರ ಮಾಡುವುದು ಇಲ್ಲೇ. ಎರಡೂ ಬದಿ ಆದ ಮೇಲೆ ನಯ ಕಲ್ಲಿನ ಮೇಲೆ ಹಗುರಾಗಿ ಎಳೆದು, ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಒಳಬದಿಯ ಮೇಲೆ ಅಂಚು ಹಿಂದಿರುವಂತೆ ಎಳೆದರೆ ಏಣು ಉದುರುತ್ತದೆ. ಕಲ್ಲು ಮರೆತು ಬಂದಿದ್ದರೆ ಪಿಂಗಾಣಿ ಕಪ್ಪಿನ ತಳದ ಹೊಳಪಿಲ್ಲದ ಬಳೆಯೂ ತುರ್ತಿಗೆ ಆದೀತು.

ಅಂಚು ತೀರಾ ಮೊಂಡಾಗುವವರೆಗೆ ಕಾಯಬೇಡಿ. ಮೊಂಡು ಚಾಕುವಿಗೆ ಬಲ ಜಾಸ್ತಿ ಹಾಕುತ್ತೇವೆ, ಜಾರಿದಾಗ ಆ ಬಲವೆಲ್ಲ ಕೈಗೇ ತಿರುಗುತ್ತದೆ.

ಹೆಜ್ಜೆ 11: ಇಡುವುದು, ಒಯ್ಯುವುದು

ಕೆಲಸ ಮುಗಿದ ಮೇಲೆ ತೊಳೆದು, ಒರೆಸಿ, ಪೂರ್ತಿ ಒಣಗಿದ ಮೇಲೆ ಒರೆಗೆ ಹಾಕಿ. ಕಾರ್ಬನ್ ಉಕ್ಕಾದರೆ ತೆಳುವಾಗಿ ಮಿನರಲ್ ಎಣ್ಣೆ ಸವರಿ, ಆಹಾರಕ್ಕೂ ಬಳಸುವುದಾದರೆ ಆಹಾರ ದರ್ಜೆಯದ್ದೇ ಇರಲಿ. ಅಡುಗೆ ಎಣ್ಣೆ ಕೆಲವು ದಿನಗಳಲ್ಲಿ ಅಂಟಾಗುತ್ತದೆ. ಬೆಂಕಿಯಲ್ಲಿ ಅಲಗು ಕಾಯಿಸಬೇಡಿ, ಹದ ಹೋದರೆ ಮನೆಯಲ್ಲಿ ಮರಳಿ ತರಲಾಗದು. ಮೊನೆಯನ್ನು ಮೀಟುಗೋಲು ಮಾಡಬೇಡಿ. ಹಾಗೂ ಮುರಿದರೆ, ಬೆನ್ನಿನ ಕಡೆಯಿಂದ ಉಜ್ಜುತ್ತಾ ಹೊಸ ಮೊನೆ ತರಬೇಕು. ಅಂಚಿನ ಕಡೆಯಿಂದ ಉಜ್ಜಿದರೆ ಮಸೆದ ಅಂಚು ವೃಥಾ ಸವೆಯುತ್ತದೆ.

ಚಾಕು ಹೊತ್ತು ಓಡಾಡುವ ಕಾನೂನು ದೇಶದಿಂದ ದೇಶಕ್ಕೆ ಬೇರೆ. ಬ್ರಿಟನ್ನಿನಲ್ಲಿ ಕಾರಣವಿಲ್ಲದೆ ಜೇಬಿನಲ್ಲಿ ಇಟ್ಟುಕೊಳ್ಳಬಹುದಾದದ್ದು ಲಾಕ್ ಇಲ್ಲದ, ಅಂಚು 3 ಇಂಚು ಮೀರದ ಮಡಚುವ ಚಾಕು ಮಾತ್ರ. ಮಡಚದ ಚಾಕುವಿಗೆ ಸರಿಯಾದ ಕಾರಣ ಕೊಡಬೇಕು. ಬೇರೆ ಕಡೆ ಇದಕ್ಕಿಂತ ಸಡಿಲವೂ ಇದೆ, ಬಿಗಿಯೂ ಇದೆ. ಹೋಗುವ ಜಾಗದ ನಿಯಮವನ್ನು ಹೊರಡುವ ಮುನ್ನವೇ ನೋಡಿಕೊಳ್ಳಿ. ದಾರಿಯುದ್ದಕ್ಕೂ ಚಾಕು ಸೊಂಟದಲ್ಲಿ ಬೇಡ, ಚೀಲದ ತಳದಲ್ಲಿರಲಿ. ವಿಮಾನದಲ್ಲಿ ಹೋಗುವುದಾದರೆ ಒರೆ ಹಾಕಿ, ಬಟ್ಟೆ ಸುತ್ತಿ, ಚೆಕ್-ಇನ್ ಮಾಡುವ ಸೂಟ್‌ಕೇಸಿನಲ್ಲೇ ಇಡಿ. ಕೈಚೀಲದಲ್ಲಿ ಮರೆತು ಉಳಿದರೆ ಭದ್ರತಾ ತಪಾಸಣೆಯಲ್ಲಿ ಅದು ಅಲ್ಲೇ ಉಳಿಯುತ್ತದೆ.